ಛತ್ರಕ್ಕೆ ಬಿದ್ದ ಬೀಗ

"ಕೆಡವಲು ಬಂದವರು ಹಿಂದೆ ಸರಿದರು, ಬುದ್ಧಿ. ಪೇಟೆಯ ಹಳೇ ಛತ್ರ ಉಳಿಯಿತು. ಇನ್ನು ಅದನ್ನು ಕಾಪಾಡುವುದು ಹೇಗೆ?"

ಹೀಗೆ ಕೇಳಿದವನು ಶಿಷ್ಯ ಮರುಳಪ್ಪ. ಛತ್ರದ ಬೀಗದಕೈ ಅವನ ಸೊಂಟದಲ್ಲಿತ್ತು. ಗುರುಗಳು ಅದನ್ನೊಮ್ಮೆ ನೋಡಿ ಕತೆ ಶುರು ಮಾಡಿದರು.

ಇನ್ನೊಂದು ಪೇಟೆಯಲ್ಲೂ ಒಂದು ಛತ್ರವಿತ್ತು. ಮರದ ಕಂಬ, ಮರದ ತೊಲೆ, ಮೇಲೆ ಹೆಂಚು. ಅಡುಗೆಮನೆಯಲ್ಲಿ ದಿನವೂ ಒಲೆ ಉರಿಯುತ್ತಿತ್ತು. ದಾರಿಹೋಕರು ಉಂಡು ಮಲಗುತ್ತಿದ್ದರು. ಆ ಊರಿನ ಯಜಮಾನ ಚಿಕ್ಕಂದಿನಲ್ಲಿ ಅಲ್ಲಿಯ ಪಂಕ್ತಿಯಲ್ಲಿ ಕೂತು ಉಂಡವನು. ಎಲ್ಲೇ ಬಿಸಿ ಹುಳಿಯ ವಾಸನೆ ಬಂದರೂ ಅವನಿಗೆ ಆ ಪಡಸಾಲೆಯೇ ಕಣ್ಣ ಮುಂದೆ ಬರುತ್ತಿತ್ತು.

ಒಬ್ಬ ವ್ಯಾಪಾರಿ ಛತ್ರವನ್ನು ಕೆಡವಿ ಮಳಿಗೆ ಕಟ್ಟಲು ಹೊರಟ. ಯಜಮಾನ ಊಟ ನಿದ್ದೆ ಬಿಟ್ಟು ಓಡಾಡಿದ, ಊರವರನ್ನು ಸೇರಿಸಿದ, ಗೆದ್ದ. ವ್ಯಾಪಾರಿ ಕೋಪ ಮಾಡಿಕೊಳ್ಳಲಿಲ್ಲ. ಒಂದು ಭಾರಿ ಹಿತ್ತಾಳೆ ಬೀಗ ಹಿಡಿದುಕೊಂಡು ಬಂದ.

"ಕಂಡಕಂಡವರು ಬಂದು ಗೋಡೆ ಕೆಡಿಸುತ್ತಾರೆ, ಯಜಮಾನರೇ. ಇದು ನನ್ನ ಕಾಣಿಕೆ."

ಯಜಮಾನನ ಕಣ್ಣು ತುಂಬಿ ಬಂತು. ಛತ್ರ ತಾನು ಕಂಡ ಹಾಗೆಯೇ ಇರಬೇಕೆಂಬುದು ಅವನ ಆಸೆ. ಹೊಗೆಯಿಂದ ತೊಲೆ ಕಪ್ಪಾಗುತ್ತದೆಂದು ಒಲೆ ಆರಿಸಿದ. ಕಂಬಕ್ಕೆ ಎಣ್ಣೆತಲೆ ಒರಗಿಸುತ್ತಾರೆಂದು ದಾರಿಹೋಕರನ್ನು ಒಳಗೆ ಬಿಡುವುದನ್ನು ನಿಲ್ಲಿಸಿದ. ಅಡುಗೆಯವನಿಗೆ ಶಾಲು ಹೊದಿಸಿ, ನಾಲ್ಕು ಒಳ್ಳೆಯ ಮಾತಾಡಿ, ಮನೆಗೆ ಕಳಿಸಿದ. ಬೀಗ ಬಿತ್ತು.

ಹೊಗೆಗೆ ಹೆದರಿ ತೊಲೆಯ ಹತ್ತಿರ ಸುಳಿಯದಿದ್ದ ಹುಳು ಈಗ ಧೈರ್ಯವಾಗಿ ಬಂತು. ಮೊದಲೆಲ್ಲ ಉಣ್ಣುವವನ ಎಲೆಗೆ ಮಳೆಹನಿ ಬಿದ್ದರೆ ಅವನು ಅಡುಗೆಯವನನ್ನು ಬೈಯುತ್ತಿದ್ದ. ಬೈಗುಳ ತಾಳಲಾರದೆ ಅಡುಗೆಯವನು ಮೇಲೆ ಹತ್ತಿ ಹೆಂಚು ಸರಿಪಡಿಸುತ್ತಿದ್ದ. ಈಗ ಹನಿ ಬಿದ್ದರೆ ಬೈಯಲು ಒಳಗೆ ಯಾರೂ ಇರಲಿಲ್ಲ.

ಯಜಮಾನ ಮಾತ್ರ ದಿನಾ ಸಂಜೆ ಹೋಗಿ ಕಿಟಕಿಯ ಸರಳಿಗೆ ಮುಖವೊತ್ತಿ ನಿಲ್ಲುತ್ತಿದ್ದ. ಹುಳಿಯ ವಾಸನೆಗಾಗಿ ಉಸಿರೆಳೆದುಕೊಳ್ಳುತ್ತಿದ್ದ. ಬಾವಲಿಗಳ ವಾಸನೆ ಬರುತ್ತಿತ್ತು. ಆಮೇಲೆ ಬೀಗ ಎಳೆದು ನೋಡಿ, ಗಟ್ಟಿಯಾಗಿದೆಯೆಂದು ಸಮಾಧಾನಪಟ್ಟು ಹಿಂದಿರುಗುತ್ತಿದ್ದ.

ಒಂದು ಮಳೆಗಾಲದಲ್ಲಿ ಛಾವಣಿ ಕುಸಿಯಿತು. ಕಂಬಗಳೂ ಅದರ ಜೊತೆಗೇ ಹೋದವು. ಬಾಗಿಲು ನಿಂತಿತ್ತು, ಬೀಗದ ಸಮೇತ. ವ್ಯಾಪಾರಿ ಬಂದು ಯಜಮಾನನ ಪಕ್ಕದಲ್ಲಿ ನಿಂತ.

"ಒಂದು ನರಪಿಳ್ಳೆಯನ್ನೂ ಒಳಗೆ ಬಿಟ್ಟಿರಲಿಲ್ಲವಲ್ಲ, ಸಾಹುಕಾರರೇ," ಎಂದ ಯಜಮಾನ.

"ಹೌದು ಯಜಮಾನರೇ. ನನ್ನ ಆಳುಗಳಿಗೆ ನೀವು ಕೆಲಸವನ್ನೇ ಉಳಿಸಲಿಲ್ಲ," ಎಂದ ವ್ಯಾಪಾರಿ.

ಗುರುಗಳು ಕತೆ ನಿಲ್ಲಿಸಿದರು. ಮರುಳಪ್ಪನ ಕೈ ತಾನಾಗಿ ಸೊಂಟದ ಬೀಗದಕೈ ಮೇಲೆ ಹೋಯಿತು. ತಾನು ಛತ್ರವನ್ನು ಗುಡಿಸಿ, ಒರೆಸಿ, ಭದ್ರ ಮಾಡಿಯೇ ಬಂದಿರುವುದಾಗಿ ಹೇಳಿದ.

"ಈ ಹೊತ್ತು ಅಲ್ಲಿ ಒಲೆ ಹಚ್ಚಿದವರು ಯಾರು?" ಎಂದು ಗುರುಗಳು ಕೇಳಿದರು.