ಹೆಂಗಸರ ಡಬ್ಬಿಯ ರಕ್ಷಕರು

ಬೆಳಗಿನ ಪ್ಯಾಸೆಂಜರ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಊರಿನ ಮುಖಂಡ ಕರುಣಾಕರಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಗರಿಗರಿ ಬಿಳಿ ಅಂಗಿ, ಬಿಳಿ ಪಂಚೆ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಕಿಟಕಿಗೆ ಅಂಟಿಕೊಂಡಿದ್ದಳು. ಅವಳು ಸರಿದಷ್ಟೂ ಇವರೂ ಸರಿಯುತ್ತಿದ್ದರು.

ಮೀನು ಮಾರುವವಳೊಬ್ಬಳು ಬುಟ್ಟಿ ಹೊತ್ತು ಹತ್ತಿದಳು. ನೋಡಿದಳು.

"ಇದು ಹೆಂಗಸರ ಡಬ್ಬಿ ಅಲ್ವಾ ಅಣ್ಣ?"

"ಗೊತ್ತುಂಟು. ಕಾಲ ಕೆಟ್ಟಿದೆ. ನಿಮ್ಮ ರಕ್ಷಣೆಗೆ ಅಂತಲೇ ನಾನಿಲ್ಲಿ ಕೂತದ್ದು."

"ಹೌದಾ! ಮೊದಲೇ ಹೇಳಬಾರದಾ ಮಾರಾಯ್ರೆ?"

ಆ ಡಬ್ಬಿಯಲ್ಲಿ ಒಂದು ರೂಢಿ ಉಂಟು. ನಿಂತವರ ಸಾಮಾನು ಕೂತವರ ಮಡಿಲಿಗೆ. ಅವಳು ಬಂಗುಡೆಯ ಬುಟ್ಟಿಯನ್ನು ಅವರ ತೊಡೆಯ ಮೇಲಿಟ್ಟಳು. ಪಂಚೆಗೆ ಮೀನಿನ ನೀರು ಇಳಿಯತೊಡಗಿತು.

"ಬನ್ನಿ, ಎಲ್ಲ ಬನ್ನಿ! ಅಣ್ಣ ನಮ್ಮ ರಕ್ಷಣೆಗೆ ಕೂತಿದ್ದಾರೆ!"

ನಿಂತವರಿಗೆ ಅಷ್ಟೇ ಸಾಕಾಗಿತ್ತು. ಒಬ್ಬಳು ಹುಂಜವಿದ್ದ ಚೀಲವನ್ನು ಅವರ ಕಂಕುಳಿಗೆ ಸಿಕ್ಕಿಸಿದಳು. ಇನ್ನೊಬ್ಬಳು ತೋಳಿಗೆ ಕೂಸನ್ನು ಕೊಟ್ಟಳು. ಕೂಸು ತಡಮಾಡದೆ ಅಂಗಿ ಒದ್ದೆ ಮಾಡಿತು.

"ನಾನು ಯಾರಂತ ಗೊತ್ತುಂಟಾ?" ಎಂದು ಗುಡುಗಿದರು ಕರುಣಾಕರಣ್ಣ.

"ನೀವೇ ಹೇಳಿದಿರಲ್ಲ, ನಮ್ಮ ರಕ್ಷಣೆಯವರು ಅಂತ. ಕೈ ಅಲ್ಲಾಡಿಸಬೇಡಿ, ಕೂಸು ಬೀಳ್ತದೆ" ಎಂದಳು ಮೀನಿನವಳು.

ಮುಂದಿನ ಸ್ಟೇಷನ್ ಬಂದದ್ದೇ ತಡ, ಅವರು ಕೂಸು, ಹುಂಜ, ಬುಟ್ಟಿ ಎಲ್ಲವನ್ನೂ ಸಿಕ್ಕಿದವರ ಕೈಗೆ ತುರುಕಿ ಇಳಿದೇ ಬಿಟ್ಟರು.

ಮೀನಿನವಳು ಆ ಜಾಗದಲ್ಲಿ ಕೂತು, ಬುಟ್ಟಿಯನ್ನು ಮಡಿಲಿಗೆ ಎಳೆದುಕೊಂಡು, ಹುಡುಗಿಗೆ ಹೇಳಿದಳು:

"ಇನ್ನು ಹೆದರಬೇಡ ಮಗಳೇ, ಸರಿಯಾಗಿ ಕೂತ್ಕೋ. ರಕ್ಷಣೆ ಮಾಡುವವರು ಇಳಿದು ಹೋದರು."