ಮೀನಿನ ಬಾಯಲ್ಲಿ ಉಳಿದ ಸಾಲು

ಭೂಮಿ ಇನ್ನೂ ಹಸಿಹಸಿಯಾಗಿದ್ದಾಗ, ಬೆಟ್ಟಗಳು ಎಲ್ಲಿ ಕೂರಬೇಕೆಂದು ಇನ್ನೂ ಯೋಚಿಸುತ್ತಿದ್ದಾಗ, ಮೀನುಗಳಿಗೆ ದನಿ ಇತ್ತು ಮಗೂ.

ಆಗ ಬಯಲಿನಲ್ಲಿ ಒಂದು ಕೆರೆ ಇತ್ತು. ಏಳು ದಾರಿಗಳಿಂದ ಅದಕ್ಕೆ ನೀರು ಬರುತ್ತಿತ್ತು. ಬೇಸಿಗೆ ಬಂತೆಂದರೆ ಊರವರೆಲ್ಲ ಸೇರಿ ಆ ದಾರಿಗಳ ಹೂಳು ತೆಗೆಯುತ್ತಿದ್ದರು. ಮುಂದೆ ಮುಂದೆ ಕೆಂಚಜ್ಜಿ ಎಂಬ ಮುದುಕಿ ಹಾಡುತ್ತ ನಡೆಯುತ್ತಿದ್ದಳು.

"ಬೂದಿಗುಡ್ಡದ ಮಗ್ಗುಲ ನೀರೇ, ಬಾರೆ ತಾಯಿ.
ಜೋಡಿಹುಣಸೆಯ ಬೇರಿನ ನೀರೇ, ಬಾರೆ ತಾಯಿ."

ಒಂದೊಂದು ಸಾಲಿಗೆ ಒಂದೊಂದು ದಾರಿ. ಏಳನೆಯ ಸಾಲಿಗೆ ಬರುವಷ್ಟರಲ್ಲಿ ಕೊನೆಯ ದಿನದ ಹೊತ್ತು ಇಳಿದಿರುತ್ತಿತ್ತು. ಜನ ದಣಿದು ಮನೆಗೆ ಹೊರಟಿರುತ್ತಿದ್ದರು. ಕೆಂಚಜ್ಜಿ ಒಬ್ಬಳೇ ಹಾಡಿಕೊಳ್ಳುತ್ತ ಹೋಗಿ, ಆ ಪುಟ್ಟ ದಾರಿಯನ್ನು ಕೈಯಿಂದಲೇ ಬಿಡಿಸಿ ಬರುತ್ತಿದ್ದಳು. ಆ ಕೊನೆಯ ಸಾಲು ಕೇಳಿಸುತ್ತಿದ್ದುದು ಮೀನುಗಳಿಗೆ ಮಾತ್ರ.

ಒಂದು ವರ್ಷ ಬೊಮ್ಮಣ್ಣ ಎಂಬ ಜಾಣ, ಎತ್ತುಗಳಿಗೆ ಹಲಗೆ ಕಟ್ಟಿ ಹೂಳೆಳೆಯುವುದನ್ನು ಕಂಡುಹಿಡಿದ. ಹತ್ತು ದಿನದ ಕೆಲಸ ಎರಡೇ ದಿನಕ್ಕೆ ಮುಗಿಯಿತು.

"ಇನ್ನು ಹಾಡು ಯಾಕಜ್ಜಿ? ಎತ್ತುಗಳು ತಾಳ ಹಾಕುತ್ತವೆಯೇ?" ಎಂದ. ಎಲ್ಲರೂ ನಕ್ಕರು.

"ದಣಿವಾರಲಿ ಅಂತ ಹಾಡಿದ್ದಲ್ಲ ಕಣಪ್ಪ," ಎಂದಳು ಕೆಂಚಜ್ಜಿ. ಮುಂದಿನದನ್ನು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಆ ಚಳಿಗಾಲದಲ್ಲಿ ತೀರಿಕೊಂಡಳು.

ಮಾರನೆಯ ವರ್ಷ ಕೆರೆ ಸೊಂಟದಷ್ಟಕ್ಕೆ ಇಳಿಯಿತು. ಅದರ ಮಾರನೆಯ ವರ್ಷ ಮೊಣಕಾಲಷ್ಟಕ್ಕೆ. ಬೊಮ್ಮಣ್ಣ ಕೋಲು ಹಿಡಿದು ಅಳೆದ. ಹಗ್ಗ ಹಿಡಿದು ಅಳೆದ. ಅಳತೆಯಲ್ಲಿ ತಪ್ಪೇ ಇರಲಿಲ್ಲ. ಆದರೆ ನೀರು ಯಾಕೆ ಹೋಯಿತೆಂದು ಕೋಲೂ ಹೇಳಲಿಲ್ಲ, ಹಗ್ಗವೂ ಹೇಳಲಿಲ್ಲ.

ಆಗ ಊರವರಿಗೆ ಹಾಡು ನೆನಪಾಯಿತು. ಒಬ್ಬರಿಗೆ ಒಂದು ಸಾಲು, ಇನ್ನೊಬ್ಬರಿಗೆ ಇನ್ನೊಂದು. ಕೂಡಿಸಿದರೆ ಆರೇ ಸಾಲು. ಏಳನೆಯ ದಾರಿ ಎಲ್ಲಿದೆಯೆಂದು ಹೇಳುವ ಸಾಲು ಯಾರಿಗೂ ಗೊತ್ತಿರಲಿಲ್ಲ.

"ಗಾಳಿರಾಯ, ನಿನಗೆ ಗೊತ್ತೇ?" ಎಂದು ಕೇಳಿದರು ಊರವರು.

"ನನಗೆ ರಾಗ ಗೊತ್ತು, ಮಾತು ಗೊತ್ತಿಲ್ಲ," ಎಂದಿತು ಗಾಳಿ, ಮುಖ ಸಪ್ಪೆ ಮಾಡಿ.

"ನಮಗೆ ಗೊತ್ತು! ನಮಗೆ ಗೊತ್ತು!" ಎಂದು ಕೂಗಿದವು ಮೀನುಗಳು.

"ಕೆರೆ ದಾಟದ ಮೀನಿಗೆ ದಾರಿ ಗೊತ್ತಂತೆ!" ಎಂದ ಬೊಮ್ಮಣ್ಣ. "ಹಿಡಿಯಿರಯ್ಯ ಹಗ್ಗ, ಇನ್ನೊಂದು ಸಲ ಅಳೆಯೋಣ."

ಮೀನುಗಳು ಬೆಳಗಿನಿಂದ ಬೈಗಿನವರೆಗೆ ಆ ಸಾಲನ್ನೇ ಕೂಗಿದವು. ಹಗ್ಗ ಹಿಡಿದವರ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೂಗಿ ಕೂಗಿ ಅವುಗಳ ದನಿ ಹರಿದುಹೋಯಿತು.

ಮಾರನೆಯ ಬೆಳಿಗ್ಗೆ ಬೊಮ್ಮಣ್ಣ ಒಬ್ಬನೇ ಬಂದ. ಕೆಸರಿನಲ್ಲಿ ಮೊಣಕಾಲೂರಿ, ಮೀನಿನ ಬಾಯಿಗೆ ಕಿವಿ ಕೊಟ್ಟ.

"ಹೇಳವ್ವ, ಇನ್ನೊಂದೇ ಸಲ ಹೇಳು."

ಮೀನು ಹೇಳಿತು. ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ದನಿ ಮಾತ್ರ ಬರಲಿಲ್ಲ.

ಬೊಮ್ಮಣ್ಣ ಅಳುತ್ತ ಮೀನುಗಳನ್ನು ಮಡಕೆಯಲ್ಲಿ ತುಂಬಿಕೊಂಡು, ದೂರದೂರದ ನೀರುಗಳಿಗೆ ಬಿಟ್ಟುಬಂದ. ಅಲ್ಲಿ ದನಿ ಮರಳೀತೆಂದು ಕಾದ. ಮರಳಲಿಲ್ಲ. ಆ ಕೆರೆಯೂ ಉಳಿಯಲಿಲ್ಲ. ಏಳನೆಯ ದಾರಿಯ ಕೊನೆಯಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಯೊಂದು ಇತ್ತಂತೆ. ಈಗಲೂ ಅದು ಎಲ್ಲೋ ಮಣ್ಣಿನಡಿ ಇದ್ದೀತು. ಆ ಸಾಲು ನನಗೂ ಗೊತ್ತಿಲ್ಲ ಮಗೂ. ನಮ್ಮಜ್ಜಿಯೂ ನನಗೆ ಆರೇ ಸಾಲು ಹೇಳಿಕೊಟ್ಟಳು.

ಈ ಪರಊರಿನಲ್ಲಿ, ನಿನ್ನ ಗಾಜಿನ ತೊಟ್ಟಿಯಲ್ಲಿ, ಮೀನು ಸುಮ್ಮನೆ ಬಾಯಿ ತೆರೆದು ಮುಚ್ಚುತ್ತಿದೆ ಎಂದುಕೊಂಡೆಯಲ್ಲ, ಅದು ತಾನೆಂದೂ ನೋಡದ ಕೆರೆಗೆ ನೀರು ಬರುವ ದಾರಿಯನ್ನು ಇನ್ನೂ ಹೇಳುತ್ತಲೇ ಇದೆ.