ಕಂಬದ ಹೊರಗಿನ ಗೇಣು

"ಕೇಳಿರಿ. ಜನರಲ್ ಸಲ್ದೀವಾರ್ ಮೂರು ಒಗಟು ಕೇಳುವರು. ಬಿಡಿಸಿದವನು ಬೇಡಿದ್ದನ್ನು ಪಡೆಯುವನು. ಸೋತವನು ಬಂದೀಖಾನೆಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಲ್ಲುವನು."

ದಕ್ಷಿಣ ಅಮೆರಿಕದ ಎತ್ತರದ ಬೆಟ್ಟಗಳ ನಾಡೊಂದರಲ್ಲಿ ಹೀಗೆ ಡಂಗುರ ಸಾರಿದ್ದು ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದ ಎರಡನೆಯ ವರ್ಷ. ಆಗ ಗೋಲೆಂದರೆ ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಹಿಂದೆ ಬಲೆ ಇರಲಿಲ್ಲ. ನಾಡನ್ನಾಳುವ ಜನರಲ್ ತಾನೇ ಸೈನ್ಯದ ತಂಡದಲ್ಲಿ ಆಡುತ್ತಿದ್ದ. ಹಿಂದಿನ ಭಾನುವಾರ ಅವನು ಒದ್ದ ಚೆಂಡು ಗೋಲಾಯಿತೆಂದು ಮೈದಾನವೆಲ್ಲ ಕೂಗಿತು. ರೆಫರಿ ತಿಬುರ್ಸಿಯೊ ಮಾತ್ರ ಇಲ್ಲವೆಂದು ತಲೆಯಾಡಿಸಿದ. ಅವನೀಗ ಬಂದೀಖಾನೆಯಲ್ಲಿ ಸಾವನ್ನು ಕಾಯುತ್ತಿದ್ದ.

ಅವನ ತಮ್ಮ ಇಲಾರಿಯೊ ಸರೋವರದಲ್ಲಿ ಮೀನು ಹಿಡಿಯುವವನು. ಅಂದು ಗೋಲಿನ ಹಿಂದೆ ನಿಂತು ಆ ಚೆಂಡನ್ನು ಹೆಕ್ಕಿ ತಂದವನು ಅವನೇ.

"ಒಂದೇ ಮನೆಗೆ ಎರಡು ಗುಂಡಿ ತೋಡಿಸಬೇಡಪ್ಪ" ಎಂದಳು ಅತ್ತಿಗೆ.

"ನನಗೂ ಹೋಗೋ ಮನಸ್ಸಿಲ್ಲ, ಅತ್ತಿಗೆ" ಎಂದು ಅವನು ಹೊರಟ.

ಲೀಗಿನ ಗೆಲುವಿನ ಬಟ್ಟಲಿನ ಆಸೆಗೆ ಎರಡು ತಂಡಗಳ ನಾಯಕರು ಆಗಲೇ ಚೌಕಕ್ಕೆ ಬಂದಿದ್ದರು. ಒಗಟುಗಳು ಎಲ್ಲರಿಗೂ ಅವೇ. ಹೊಟ್ಟೆ ತುಂಬ ಉಸಿರಿದ್ದರೂ ಉಸಿರಾಡದು, ಒದ್ದವರೇ ಅದರ ಹಿಂದೆ ಓಡುತ್ತಾರೆ, ಅದೇನು? ಚೆಂಡು. ಗೋಡೆಯಿಲ್ಲದ, ಕದವಿಲ್ಲದ ಮನೆ, ಆದರೂ ಬಂದವರನ್ನೆಲ್ಲ ಹೊರಗಟ್ಟುವ ಯಜಮಾನ, ಆ ಮನೆ ಯಾವುದು? ಗೋಲು. ಅವೆರಡೂ ಬಲೆಯ ಮುಂದೆ ಚೆಲ್ಲಿದ ಕಾಳು.

ಮೂರನೆಯದನ್ನು ಜನರಲ್ ಮೆಲ್ಲಗೆ ಕೇಳಿದ. "ಊರೆಲ್ಲ ಕಂಡಿತು. ಊರೆಲ್ಲ ಕಾಣಲಿಲ್ಲ ಎನ್ನುತ್ತದೆ. ಅದೇನು?"

"ದೇವರು" ಎಂದ ಮೊದಲನೆಯವನು. ಅವನನ್ನು ಕರೆದೊಯ್ದರು. ಗೋಡೆಯಾಚೆ ಗುಂಡಿನ ಸದ್ದಾಯಿತು. ಪಾರಿವಾಳಗಳು ಎದ್ದು ಹಾರಿದವು.

"ತಮ್ಮ ಕರುಣೆ, ಪ್ರಭು" ಎಂದ ಎರಡನೆಯವನು. ಹಾರಿದ ಪಾರಿವಾಳಗಳು ಕೂರುವ ಮೊದಲೇ ಮತ್ತೆ ಸದ್ದಾಯಿತು.

ಇಲಾರಿಯೊ ಮುಂದೆ ಬಂದ.

"ಮೀನು ತಾನಾಗಿ ಬುಟ್ಟಿಗೆ ಬಂತಲ್ಲ" ಎಂದ ಜನರಲ್.

ಮೊದಲೆರಡಕ್ಕೆ ಅವನು ಉತ್ತರಿಸಿದ. ಮೂರನೆಯದು ಬಂತು. ಉತ್ತರ ಅವನಿಗೆ ಗೊತ್ತಿತ್ತು. ಚೌಕದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸತ್ತ ಇಬ್ಬರಿಗೂ ಗೊತ್ತಿತ್ತು. ಹೇಳದಿದ್ದರೆ ಗೋಡೆ. ಭಾನುವಾರ ಅದನ್ನು ಹೇಳಿದವನು ಅಣ್ಣ, ಅವನಿಗೂ ಅದೇ ಗೋಡೆ.

"ಪ್ರಭು, ತಾವು ಒದ್ದ ಚೆಂಡಿಗೂ ಕಂಬಕ್ಕೂ ನಡುವೆ ಇದ್ದ ಜಾಗ" ಎಂದ. "ಚೆಂಡು ಹೊರಗೆ ಹೋಯಿತು."

ಜನ ನೆಲ ನೋಡತೊಡಗಿದರು. ಕಾವಲುಗಾರರು ಜನರಲ್‌ನ ಮುಖ ನೋಡಿದರು.

"ಎಷ್ಟು ಹೊರಗೆ?"

ಇಲಾರಿಯೊ ಹೆಬ್ಬೆರಳು ಕಿರುಬೆರಳು ಅಗಲಿಸಿ ಗೇಣು ತೋರಿಸಿದ.

ಜನರಲ್ ಆ ಕೈಯನ್ನು ನೋಡಿದ.

"ಇನ್ನೂ ಸ್ವಲ್ಪ ಹೆಚ್ಚು" ಎಂದ.

ಮತ್ತೆ ಹೇಳಿದ, "ಅಷ್ಟು ಜನ ಕಂಡದ್ದು ರೆಫರಿಯಲ್ಲದೆ ಇನ್ನೊಬ್ಬನ ಬಾಯಲ್ಲಾದರೂ ಬರುತ್ತದೋ ಎಂದು ನನಗೆ ನೋಡಬೇಕಿತ್ತು. ಏನು ಬೇಕು?"

"ಅಣ್ಣ."

"ಮತ್ತೆ?"

"ಕಂಬಗಳ ಹಿಂದೆ ಬಲೆ ಕಟ್ಟಲು ಅಪ್ಪಣೆ. ನಾನೇ ಹೆಣೆದುಕೊಡುತ್ತೇನೆ."

ಎರಡೂ ಸಿಕ್ಕವು. ತಿಬುರ್ಸಿಯೊ ತಮ್ಮನ ಹೆಗಲು ಹಿಡಿದು ಮನೆಗೆ ನಡೆದ. ಮರುವರ್ಷ ಗೋಲುಗಳ ಹಿಂದೆ ಸರೋವರದ ಬಲೆ ತೂಗಿತು. ಜನರಲ್ ಚೆಂಡು ಒದ್ದಾಗ ಜನ ಮೊದಲು ಬಲೆ ನೋಡುತ್ತಿದ್ದರು. ಆಮೇಲೆ ಅವನ ಮುಖ ನೋಡುತ್ತಿದ್ದರು. ಕೂಗುತ್ತಿದ್ದದ್ದು ಅದಾದ ಮೇಲೆ.